ಕ್ಯೂನಲ್ಲಿ 17, ಟ್ರೇನಲ್ಲಿ ಸೊನ್ನೆ: ಭಾವನ ಜೆರಾಕ್ಸ್ ಅಂಗಡಿಯ ಪ್ರಿಂಟರ್ ರಿಪೇರಿ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಭಾವನ ಫೋನ್. "ಮಾರಾಯ, ಪ್ರಿಂಟ್ ಕೊಟ್ಟದ್ದು ಎಲ್ಲಿ ಹೋಗ್ತಿದೆ ಅಂತಲೇ ಗೊತ್ತಾಗ್ತಿಲ್ಲ. ಹೊರಗೆ ಎಂಟು ಜನ ನಿಂತಿದ್ದಾರೆ. ಬೇಗ ಬಾ."

ಭಾವನದು ಸಾಗರದಲ್ಲಿ ಸಣ್ಣ ಜೆರಾಕ್ಸ್ ಅಂಗಡಿ. ತಾಲ್ಲೂಕು ಕಚೇರಿಗೆ ಹೋಗುವವರು ಮೊದಲು ಇಲ್ಲಿಗೆ ಬಂದು ಹೋಗುತ್ತಾರೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಕಾಪಿ, ಬ್ಯಾಂಕಿನ ಅರ್ಜಿ. ಸೋಮವಾರ ಬಂತೆಂದರೆ ಉಸಿರಾಡಲಿಕ್ಕೆ ಪುರುಸೊತ್ತಿಲ್ಲ. ಮೂರು ಕಂಪ್ಯೂಟರ್ ಇವೆ. ಎರಡರಲ್ಲಿ ವಿಂಡೋಸ್. ಮೂರನೆಯದು ನಾನೇ ಕೂರಿಸಿಕೊಟ್ಟ ಹಳೆಯ ಡೆಸ್ಕ್‌ಟಾಪ್, ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕಿದ್ದು. ಒಂದು ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ನೆಟ್‌ವರ್ಕ್ ಕೇಬಲ್‌ನಲ್ಲಿದೆ. ಮೂರೂ ಮೆಷಿನ್‌ನ ಪ್ರಿಂಟ್ ಈ ಡೆಬಿಯನ್ ಪೆಟ್ಟಿಗೆಯ ಮೂಲಕವೇ ಹೋಗುತ್ತದೆ. ಹಾಗಾಗಿ ಪ್ರಿಂಟ್ ನಿಂತರೆ ಬೈಗುಳ ನೇರವಾಗಿ ನನಗೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ನಾನು ಹೋಗುವಷ್ಟರಲ್ಲಿ ಭಾವ ತನಗೆ ತೋಚಿದ್ದನ್ನೆಲ್ಲ ಮಾಡಿಯಾಗಿತ್ತು. ಪ್ರಿಂಟರ್ ಆಫ್-ಆನ್, ಕೇಬಲ್ ಕಿತ್ತು ಹಾಕಿದ್ದು, ಟೋನರ್ ತೆಗೆದು ಅಲ್ಲಾಡಿಸಿದ್ದು. "ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದ್ರೆ ಹೊಸದಾಗಿ ಕೊಟ್ಟದ್ದು ಎರಡ್ಮೂರು ಬರುತ್ತೆ. ಆಮೇಲೆ ಮತ್ತೆ ಅಷ್ಟೇ" ಅಂದರು. ಈ ಮಾತಿನಲ್ಲೇ ಅರ್ಧ ಉತ್ತರ ಇತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಗಂಟೆ ದಂಡವಾಯಿತು.

"ಕ್ಯೂ ಎಲ್ಲಾ ಡಿಲೀಟ್ ಮಾಡಿಬಿಡು, ಹೊಸದಾಗಿ ಕೊಡ್ತೇವೆ" ಅಂತಲೂ ಹೇಳಿದರು. ಅದಕ್ಕೆ ಮಾತ್ರ ಒಪ್ಪಲಿಲ್ಲ. ಕಳ್ಳತನ ಆದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಒರೆಸಿದ ಹಾಗಾಗುತ್ತದೆ. ಸಿಕ್ಕಿಕೊಂಡ ಪ್ರಿಂಟ್ ಕೆಲಸಗಳು, ಅಂದರೆ ಜಾಬ್‌ಗಳೇ ನಮ್ಮ ಹತ್ತಿರ ಇರುವ ಸಾಕ್ಷಿ.

ಮೊದಲು ‘ಎಲ್‌ಪಿಸ್ಟಾಟ್ -ಟಿ’ ಹೊಡೆದೆ. ಲಿನಕ್ಸ್‌ನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಕಪ್ಸ್ ಅನ್ನುವ ವ್ಯವಸ್ಥೆ. ಅದರ ಈ ಒಂದು ಕಮಾಂಡ್ ಪ್ರಿಂಟರ್‌ನ ಪೂರ್ತಿ ಜಾತಕ ಹೇಳುತ್ತದೆ. ಮ್ಯಾಕ್ ಇರುವವರಿಗೂ ಇದೇ ಕಮಾಂಡ್ ನಡೆಯುತ್ತದೆ. ಆಪಲ್‌ನವರು 2002ರಿಂದಲೇ ಕಪ್ಸ್ ಬಳಸುತ್ತಿದ್ದಾರೆ. 2007ರಲ್ಲಿ ಅದರ ಮೂಲ ಕೋಡನ್ನೇ ಕೊಂಡುಕೊಂಡು, ಅದನ್ನು ಬರೆದ ಮೈಕೆಲ್ ಸ್ವೀಟ್ ಅವರನ್ನೂ ಕೆಲಸಕ್ಕೆ ತೆಗೆದುಕೊಂಡರು. ‘ಎಲ್‌ಪಿ, ಎಲ್‌ಪಿಸ್ಟಾಟ್, ಕ್ಯಾನ್ಸಲ್’ ಒಂದು ಮನೆತನದ ಕಮಾಂಡ್‌ಗಳು, ಸಿಸ್ಟಮ್ ಫೈವ್ ಯುನಿಕ್ಸ್‌ನಿಂದ ಬಂದವು. ‘ಎಲ್‌ಪಿಆರ್, ಎಲ್‌ಪಿಕ್ಯೂ, ಎಲ್‌ಪಿಆರ್‌ಎಂ’ ಇನ್ನೊಂದು ಮನೆತನ, ಬರ್ಕ್ಲಿ ಯುನಿಕ್ಸ್‌ನದು. ಕಪ್ಸ್ ಎರಡೂ ಮನೆಯವರನ್ನು ಇಟ್ಟುಕೊಂಡು ಸಂಸಾರ ಮಾಡುತ್ತಿದೆ.

ಕ್ಯೂನ ಹೆಸರು ‘ಲೇಸರ್’ ಅಂತ ಇಟ್ಟಿದ್ದೇನೆ. ಎಲ್‌ಪಿಸ್ಟಾಟ್ ಹೇಳಿದ್ದು ಇಷ್ಟು. ಶೆಡ್ಯೂಲರ್ ಓಡುತ್ತಿದೆ. ಲೇಸರ್ ಜಾಬ್ ಸ್ವೀಕರಿಸುತ್ತಿದೆ. ಲೇಸರ್ ಐಡಲ್, ಎನೇಬಲ್ಡ್. ಕೆಳಗೆ 17 ಜಾಬ್.

ಇದನ್ನು ಇನ್ನೊಮ್ಮೆ ಓದಿ. ಬಾಗಿಲು ತೆರೆದಿದೆ, ಅಂಗಡಿಯವನು ಕೆಲಸವಿಲ್ಲದೆ ಕೂತಿದ್ದಾನೆ, ಎದುರಿಗೆ 17 ಜನ ನಿಂತಿದ್ದಾರೆ!

ಪ್ರಿಂಟ್ ನಿಲ್ಲುವುದಕ್ಕೆ ಮೂರು ಬೇರೆ ಬೇರೆ ಬೀಗ ಇವೆ. ಇದು ತಲೆಯಲ್ಲಿ ಇದ್ದರೆ ಒದ್ದಾಟ ಎಷ್ಟೋ ಕಮ್ಮಿ. ಒಂದು, ಕ್ಯೂ ಹೊಸ ಜಾಬನ್ನೇ ತೆಗೆದುಕೊಳ್ಳದಿರುವುದು. ಅದನ್ನು ಬಿಡಿಸಲು ‘ಕಪ್ಸ್‌ಆಕ್ಸೆಪ್ಟ್’. ಎರಡು, ಜಾಬ್ ತೆಗೆದುಕೊಳ್ಳುತ್ತದೆ, ಆದರೆ ಪ್ರಿಂಟರ್ ಕಡೆಗೆ ತಳ್ಳುವುದಿಲ್ಲ. ಪಾಜ್ ಆಗಿದೆ (ತಾತ್ಕಾಲಿಕವಾಗಿ ನಿಂತಿದೆ) ಅಂತೀವಲ್ಲ, ಅದು. ಅದಕ್ಕೆ ‘ಕಪ್ಸ್‌ಎನೇಬಲ್’. ಮೂರನೆಯದು ಕ್ಯೂಗೂ ಪ್ರಿಂಟರ್‌ಗೂ ಸಂಬಂಧವಿಲ್ಲ, ಒಂದೊಂದು ಜಾಬಿಗೆ ಹಾಕಿದ ಬೀಗ. ಜಾಬ್ ಹೋಲ್ಡ್ ಆಗಿರಬಹುದು, ಅಥವಾ ಎಡವಿ ಸ್ಟಾಪ್ ಆಗಿರಬಹುದು. ಮೂರನೇ ಬೀಗಕ್ಕೆ ಎರಡನೆಯದರ ಕೀಲಿ ಹಾಕಿ ಎಷ್ಟು ತಿರುಗಿಸಿದರೂ ತೆರೆಯುವುದಿಲ್ಲ.

ನಾನು ಮಾಡಿದ್ದು ಅದನ್ನೇ. ಅಭ್ಯಾಸಬಲದಿಂದ ‘ಕಪ್ಸ್‌ಎನೇಬಲ್ ಲೇಸರ್’ ಹೊಡೆದೆ. ಏನೂ ಆಗಲಿಲ್ಲ. ಮೊದಲೇ ಎನೇಬಲ್ ಆಗಿರುವುದನ್ನು ಇನ್ನೊಮ್ಮೆ ಮಾಡಿದರೆ ಏನಾಗಬೇಕು? ಕಪ್ಸ್ ಸರ್ವಿಸನ್ನು ರೀಸ್ಟಾರ್ಟ್ ಮಾಡಿದೆ. ಅದರಿಂದಲೂ ಇಲ್ಲ. ಭಾವ ಹೇಳಿದಂತೆ ಇಡೀ ಕಂಪ್ಯೂಟರ್ ಆಫ್-ಆನ್ ಮಾಡಿದರೆ ಎರಡ್ಮೂರು ಬರುತ್ತದೆ, ಬರೀ ಕಪ್ಸ್ ರೀಸ್ಟಾರ್ಟ್ ಮಾಡಿದರೆ ಒಂದೂ ಬರುವುದಿಲ್ಲ. ಇದು ವಿಚಿತ್ರ ಅಂತ ಅಲ್ಲೇ ಅನ್ನಿಸಬೇಕಿತ್ತು.

ನಂತರ ಅನುಮಾನ ಪ್ರಿಂಟರ್ ಮೇಲೆ. ಇದನ್ನು ತೀರ್ಮಾನ ಮಾಡಲಿಕ್ಕೆ ಸುಲಭದ ದಾರಿ ಇದೆ. ಇಂಥ ಪ್ರಿಂಟರ್‌ಗಳು 9100 ನಂಬರಿನ ನೆಟ್‌ವರ್ಕ್ ಬಾಗಿಲಲ್ಲಿ, ಅಂದರೆ 9100ನೇ ಪೋರ್ಟ್‌ನಲ್ಲಿ ಕಿವಿ ಕೊಟ್ಟು ಕೂತಿರುತ್ತವೆ. ಕಪ್ಸನ್ನು ಪಕ್ಕಕ್ಕಿಟ್ಟು ‘ಎನ್‌ಸಿ’ ಕಮಾಂಡ್‌ನಲ್ಲಿ ನೇರವಾಗಿ ಒಂದು ಸಾಲು ಕಳಿಸಬಹುದು. ಇಂಗ್ಲಿಷ್‌ನಲ್ಲಿ ಹಲೋ ಅಂತ ಕಳಿಸಿದೆ. ಕನ್ನಡ ಕಳಿಸಿದರೆ ಕಸಕಡ್ಡಿ ಬರುತ್ತದೆ, ಪ್ರಿಂಟರ್ ಹೊಟ್ಟೆಯೊಳಗಿನ ಅಕ್ಷರಗಳಲ್ಲಿ ಕನ್ನಡ ಇಲ್ಲ.

ಕಾಗದ ಬರಲಿಲ್ಲ. ಲೈಟ್ ಮಾತ್ರ ಮಿಣಮಿಣ ಅಂದಿತು. ಪ್ರಿಂಟರೇ ಹೋಗಿದೆ ಅಂತ ಭಾವನಿಗೆ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೆನಪಾಯಿತು. ಲೇಸರ್ ಪ್ರಿಂಟರ್ ಒಂದು ಪೂರ್ತಿ ಪುಟ ಆಗುವವರೆಗೆ ಕಾಯುತ್ತದೆ. ಪುಟ ಮುಗಿಯಿತು ಅಂತ ನಾವೇ ಹೇಳಬೇಕು. ಅದಕ್ಕೆ ಫಾರ್ಮ್ ಫೀಡ್ ಅನ್ನುವ ಒಂದು ಗುಪ್ತ ಅಕ್ಷರ. ‘ಪ್ರಿಂಟ್‌ಎಫ್’ ಕಮಾಂಡ್‌ನಲ್ಲಿ ಹಿಂದಕ್ಕೆ ವಾಲಿದ ಗೀಟು ಹಾಕಿ ಎಫ್ ಅಂತ ಬರೆದರೆ ಅದು ಹೋಗುತ್ತದೆ. ಕಳಿಸಿದೆ. ಟರ್ರ್ ಅಂತ ಕಾಗದ ಹೊರಗೆ ಬಂತು. ಮೇಲೆ ಎಡಮೂಲೆಯಲ್ಲಿ ಪುಟ್ಟದಾಗಿ ಹಲೋ. ಹೊರಗೆ ನಿಂತಿದ್ದ ಎಂಟು ಜನರಲ್ಲಿ ಒಬ್ಬರು "ನಂದಾ?" ಅಂತ ಕೈ ಚಾಚಿದರು.

ಪ್ರಿಂಟರ್ ಸರಿ ಇದೆ, ಕೇಬಲ್ ಸರಿ ಇದೆ. ತೊಂದರೆ ಪೆಟ್ಟಿಗೆಯ ಒಳಗೇ.

ಬ್ರೌಸರ್‌ನಲ್ಲಿ ಕಪ್ಸ್‌ನ ಪುಟ ತೆರೆದೆ. ಅದು ಇದೇ ಮೆಷಿನ್‌ನ 631ನೇ ಪೋರ್ಟ್‌ನಲ್ಲಿ ಸಿಗುತ್ತದೆ. ಜಾಬ್‌ಗಳ ಪಟ್ಟಿಯಲ್ಲಿ 17 ಸಾಲು, ಎಲ್ಲದರ ಮುಂದೆ ಸ್ಟಾಪ್ಡ್, ‘ಫಿಲ್ಟರ್ ಫೇಲ್ಡ್’. ಮೂರನೇ ಬೀಗ!

ಫಿಲ್ಟರ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ನಾವು ಕೊಡುವುದು ಪಿಡಿಎಫ್. ಈ ಪ್ರಿಂಟರ್‌ಗೆ ಪಿಡಿಎಫ್ ಅರ್ಥವಾಗುವುದಿಲ್ಲ, ಅದಕ್ಕೆ ಬೇಕಾದದ್ದು ಚುಕ್ಕೆಗಳು. ನಡುವೆ ಮೂರ್ನಾಲ್ಕು ಸಣ್ಣ ಪ್ರೋಗ್ರಾಂಗಳು ಸಾಲಾಗಿ ನಿಂತು ಬಕೆಟ್ ದಾಟಿಸಿದ ಹಾಗೆ ಕೆಲಸ ಮಾಡುತ್ತವೆ. ಒಂದು ಪುಟಗಳನ್ನು ಜೋಡಿಸುತ್ತದೆ, ಮುಂದಿನದು ಗೋಸ್ಟ್‌ಸ್ಕ್ರಿಪ್ಟ್ ಹಿಡಿದು ಪುಟವನ್ನು ಚುಕ್ಕೆ ಮಾಡುತ್ತದೆ, ಅದರ ಮುಂದಿನದು ಪ್ರಿಂಟರ್‌ನ ಭಾಷೆಗೆ ತಿರುಗಿಸುತ್ತದೆ. ಎಲ್ಲಕ್ಕಿಂತ ಕೊನೆಗೆ ಬ್ಯಾಕೆಂಡ್, ಅಂದರೆ ಪ್ರಿಂಟರ್‌ಗೆ ತಲುಪಿಸುವವನು. ಎ4 ಹಾಳೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಆದರೆ ಸುಮಾರು 4960 ಅಡ್ಡ, 7016 ಉದ್ದ. ಮೂರೂವರೆ ಕೋಟಿ ಚುಕ್ಕೆ! ಕಪ್ಪು-ಬಿಳುಪಿನ ಛಾಯೆ ಸಮೇತ ಇಟ್ಟುಕೊಂಡರೆ ಒಂದು ಪುಟಕ್ಕೆ 35 ಎಂಬಿ ಹತ್ತಿರ. 200 ಕೆಬಿ ಪಿಡಿಎಫ್ ಅಂತ ನಾವು ಹಗುರವಾಗಿ ಕಳಿಸಿದ್ದು ಒಳಗೆ ಹೋಗಿ ಹೀಗೆ ಉಬ್ಬುತ್ತದೆ.

ಬ್ಯಾಕೆಂಡ್ ಎಡವಿದರೆ ಕಪ್ಸ್ ಕ್ಯೂ ಪೂರ್ತಿ ಪಾಜ್ ಮಾಡಬಹುದು, ಅದು ನಾವು ಇಟ್ಟ ಎರರ್ ಪಾಲಿಸಿ ಮೇಲೆ ಹೋಗುತ್ತದೆ. ಫಿಲ್ಟರ್ ಎಡವಿದರೆ ಹಾಗಲ್ಲ. ಆ ಒಂದು ಜಾಬನ್ನು ಪಕ್ಕಕ್ಕೆ ನಿಲ್ಲಿಸಿ ಮುಂದಿನದಕ್ಕೆ ಹೋಗುತ್ತದೆ. ಮುಂದಿನದೂ ಎಡವುತ್ತದೆ, ಅದನ್ನೂ ನಿಲ್ಲಿಸುತ್ತದೆ. ಕೊನೆಗೆ ಎಲ್ಲರೂ ಪಕ್ಕಕ್ಕೆ ನಿಂತು, ಪ್ರಿಂಟರ್ ಮಾತ್ರ ಐಡಲ್.

ಯಾಕೆ ಎಡವಿತು? ಲಾಗ್ ಬೇಕು. ‘ಸುಡೊ ಕಪ್ಸ್‌ಸಿಟಿಎಲ್ --ಡೀಬಗ್-ಲಾಗಿಂಗ್’ ಹಾಕಿ (ಸುಡೊ ಅಂದರೆ ಮೆಷಿನ್‌ನ ಯಜಮಾನನ ಅಧಿಕಾರದಲ್ಲಿ ಓಡಿಸು ಅಂತ), ಒಂದು ಸಣ್ಣ ಪಿಡಿಎಫ್ ಪ್ರಿಂಟ್ ಕೊಟ್ಟು, ‘/ವಾರ್/ಲಾಗ್/ಕಪ್ಸ್’ ಒಳಗಿನ ಎರರ್ ಲಾಗ್ ತೆರೆದೆ. ಡೀಬಗ್ ಹಾಕಿದ ಮೇಲೆ ಈ ಲಾಗ್ ಮಳೆಗಾಲದ ಜೋಗದ ಹಾಗೆ ಸುರಿಯುತ್ತದೆ. ಎಲ್ಲಾ ಓದಬಾರದು. ಪ್ರತಿ ಸಾಲಿನ ಮೊದಲಲ್ಲಿ ಒಂದು ಅಕ್ಷರ ಇರುತ್ತದೆ. ಡಿ ಅಂದರೆ ಡೀಬಗ್ ಹರಟೆ, ಇ ಅಂದರೆ ಎರರ್. ಆಮೇಲೆ ದಿನ-ಹೊತ್ತು, ಅದಾದ ಮೇಲೆ ಚೌಕಾಕಾರದ ಬ್ರಾಕೆಟ್‌ನಲ್ಲಿ ಜಾಬ್ ನಂಬರ್. ನನ್ನ ಪರೀಕ್ಷೆ ಜಾಬ್ 426. ‘ಗ್ರೆಪ್’ ಹಾಕಿ ಅದೊಂದನ್ನೇ ಹೆಕ್ಕಿದೆ. ಪುಟ ಚುಕ್ಕೆ ಮಾಡುವ ಫಿಲ್ಟರ್ ‘ಸ್ಟಾಪ್ಡ್ ವಿತ್ ಸ್ಟೇಟಸ್ 1’ ಅಂತ ಸತ್ತಿತ್ತು. ಅದಕ್ಕೆ ಸ್ವಲ್ಪ ಮೇಲೆ, ಟೆಂಪರರಿ ಫೈಲ್‌ಗೆ ಕಾಪಿ ಮಾಡಲಾಗಲಿಲ್ಲ ಅನ್ನುವ ಅರ್ಥದ ಒಂದು ಸಾಲು.

ತಲೆ ಚಚ್ಚಿಕೊಂಡೆ. ‘ಡಿಎಫ್ -ಎಚ್’ ಹೊಡೆದೆ. ಡಿಸ್ಕ್ 108 ಜಿಬಿ, ಬಳಸಿದ್ದು 103, ಉಳಿದದ್ದು 0. ನೂರಕ್ಕೆ ನೂರು ತುಂಬಿದೆ.

ಆದರೆ 108ರಲ್ಲಿ 103 ಕಳೆದರೆ 5 ಉಳಿಯಬೇಕಲ್ವಾ? ಮತ್ತೆ ಸೊನ್ನೆ ಯಾಕೆ? ಇಡೀ ದಿನದ ರಿಪೇರಿಯಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಈ ಲೆಕ್ಕ. ಎಕ್ಸ್ಟ್4 ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಲಿನಕ್ಸ್‌ನ ಕ್ರಮ) ಮಾಡುವಾಗ ನೂರಕ್ಕೆ ಐದು ಭಾಗ ಮೆಷಿನ್‌ನ ಯಜಮಾನ ಬಳಕೆದಾರನಿಗೆ, ಅಂದರೆ ರೂಟ್‌ಗೆ ಅಂತ ತೆಗೆದಿಡುವುದು ಮೊದಲಿನಿಂದ ಬಂದ ಪದ್ಧತಿ. ಮನೆಯಲ್ಲಿ ಅಕ್ಕಿ ಮುಗಿದರೂ ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಸೇರು ಇರುತ್ತದಲ್ಲ, ಹಾಗೆ. ಸಾಮಾನ್ಯ ಬಳಕೆದಾರರಿಗೆ ಡಿಸ್ಕ್ ತುಂಬಿದೆ ಅಂದರೂ ರೂಟ್‌ಗೆ ಇನ್ನೂ ಐದು ಜಿಬಿ ಇದೆ.

ಕಪ್ಸ್ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಸದಾ ಇರುವ ಅದರ ಪ್ರೋಗ್ರಾಂ, ಓಡುವುದು ರೂಟ್ ಆಗಿ. ವಿಂಡೋಸ್ ಮೆಷಿನ್‌ಗಳಿಂದ ಬಂದ ಜಾಬನ್ನು ಅದು ಅಜ್ಜಿಯ ಪೆಟ್ಟಿಗೆಯಲ್ಲಿ ಆರಾಮಾಗಿ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೇ ಕ್ಯೂ "ಬನ್ನಿ ಬನ್ನಿ" ಅನ್ನುತ್ತಿತ್ತು. ಆದರೆ ಫಿಲ್ಟರ್‌ಗಳನ್ನು ಅದು ರೂಟ್ ಆಗಿ ಓಡಿಸುವುದಿಲ್ಲ. ಹೊರಗಿನಿಂದ ಬಂದ ಫೈಲನ್ನು ಬಿಚ್ಚುವ ಪ್ರೋಗ್ರಾಂಗೆ ಅಷ್ಟು ಅಧಿಕಾರ ಕೊಡಬಾರದು ಅಂತ, ‘ಎಲ್‌ಪಿ’ ಅನ್ನುವ ಬಡ ಬಳಕೆದಾರನ ಹೆಸರಿನಲ್ಲಿ ಓಡಿಸುತ್ತದೆ. ಎಲ್‌ಪಿಗೆ ಪೆಟ್ಟಿಗೆಯ ಕೀಲಿ ಇಲ್ಲ. ಅವನು ಟೆಂಪರರಿ ಫೈಲ್ ಬರೆಯಲು ಹೋದ, ಜಾಗವಿಲ್ಲ ಅಂದರು, ಸತ್ತ.

ಸುಮ್ನೆ ಊಹೆ ಆಗಬಾರದು ಅಂತ ಪರೀಕ್ಷೆ ಮಾಡಿದೆ. ‘ಸುಡೊ -ಯು ಎಲ್‌ಪಿ’ ಹಾಕಿ ‘/ವಾರ್/ಸ್ಪೂಲ್/ಕಪ್ಸ್/ಟಿಎಂಪಿ’ ಒಳಗೆ ‘ಡಿಡಿ’ಯಿಂದ 10 ಎಂಬಿ ಸೊನ್ನೆಗಳ ಫೈಲ್ ಬರೆಸಿದೆ. ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಅದೇ ಕಮಾಂಡ್, ಅದೇ ಜಾಗ, -ಯು ಎಲ್‌ಪಿ ತೆಗೆದು ಬರೀ ಸುಡೊದಲ್ಲಿ. 10 ಎಂಬಿ ಲಕ್ಷಣವಾಗಿ ಬರೆಯಿತು. ಭಾವನನ್ನು ಕರೆದು ತೋರಿಸಿದೆ. "ಅದೆಲ್ಲ ಸರಿ, ಪ್ರಿಂಟ್ ಯಾವಾಗ ಬರುತ್ತೆ?" ಅಂದರು.

ಕಂಪ್ಯೂಟರ್ ಆಫ್-ಆನ್ ಮಾಡಿದಾಗ ಎರಡ್ಮೂರು ಬರುತ್ತಿದ್ದುದು ಯಾಕೆ ಅಂತ ಈಗ ಹೊಳೆಯಿತು. ಡೆಬಿಯನ್ 12ರಲ್ಲಿ ಟೆಂಪ್ ಫೋಲ್ಡರ್ ಇದೇ ಡಿಸ್ಕ್ ಮೇಲಿದೆ, ಬೂಟ್ ಆಗುವಾಗ ಖಾಲಿಯಾಗುತ್ತದೆ. ಸ್ವಲ್ಪ ಜಾಗ ಬಿಡುವಾಗುತ್ತದೆ. ಅದು ಮತ್ತೆ ತುಂಬುವವರೆಗೆ ಎರಡ್ಮೂರು ಪ್ರಿಂಟ್ ದಾಟಿಕೊಳ್ಳುತ್ತವೆ. ಬರೀ ಕಪ್ಸ್ ರೀಸ್ಟಾರ್ಟ್ ಮಾಡಿದರೆ ಜಾಗ ಬಿಡುವಾಗುವುದಿಲ್ಲ.

ತುಂಬಿಸಿದವರು ಯಾರು? ‘ಡಿಯು’ ಹಾಕಿ ಹುಡುಕಿದೆ. ಡೌನ್‌ಲೋಡ್ಸ್ ಫೋಲ್ಡರ್ 58 ಜಿಬಿ. ಜನ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಅಂಗಡಿಯ ಹುಡುಗಿ ಇಳಿಸಿಕೊಂಡು ಪ್ರಿಂಟ್ ಕೊಡುತ್ತಾಳೆ, ಫೈಲ್ ಅಲ್ಲೇ ಬಿದ್ದಿರುತ್ತದೆ. ಡಾಕ್ಯುಮೆಂಟ್ 1ರಿಂದ ಡಾಕ್ಯುಮೆಂಟ್ 1187ರವರೆಗೆ ಇತ್ತು. ನಡುವೆ ಯಾರದೋ ಮದುವೆ ವಿಡಿಯೋ, ಯಾರದೋ ಯಕ್ಷಗಾನದ ರೆಕಾರ್ಡಿಂಗ್ ಪೂರ್ತಿ ರಾತ್ರಿಯದು. ಹುಡುಗಿಯನ್ನು ಕೇಳಿದೆ. "ಶನಿವಾರದಿಂದ ಡೌನ್‌ಲೋಡೂ ಸರಿ ಆಗ್ತಿರ್ಲಿಲ್ಲ ಅಣ್ಣ. ನೆಟ್ ಸ್ಲೋ ಇರ್ಬೇಕು ಅಂತ ಆಚೆ ಮೆಷಿನ್‌ನಲ್ಲಿ ಮಾಡ್ತಿದ್ದೆ" ಅಂದಳು. ಅವಳ ತಪ್ಪಲ್ಲ. ನೆಟ್ ಬೈಯುವುದು ನಮಗೆಲ್ಲ ರೂಢಿ.

ಒಂದು ತಿಂಗಳಿಗಿಂತ ಹಳೆಯದನ್ನೆಲ್ಲ ಭಾವನ ಎದುರಿಗೇ ಅಳಿಸಿದೆ. 51 ಜಿಬಿ ಬಿಡುವಾಯಿತು.

ನನ್ನ ಪರೀಕ್ಷೆಯದನ್ನು ಬಿಟ್ಟರೆ ಈಗ 17 ಜಾಬ್. ಇಲ್ಲಿ ಅವಸರ ಮಾಡಬಾರದು. ಪ್ರಿಂಟ್ ಬರದಿದ್ದರೆ ಮನುಷ್ಯ ಏನು ಮಾಡುತ್ತಾನೆ? ಮತ್ತೊಮ್ಮೆ ಒತ್ತುತ್ತಾನೆ. ಎಲ್ಲಾ ಒಟ್ಟಿಗೆ ಬಿಟ್ಟರೆ ಒಬ್ಬರ ಪಹಣಿಯೇ ಆರು ಸಲ ಬರುತ್ತದೆ. ‘ಎಲ್‌ಪಿಸ್ಟಾಟ್ -ಒ’ ಪ್ರತಿ ಜಾಬಿನ ನಂಬರ್, ಸೈಜ್, ಹೊತ್ತು ತೋರಿಸುತ್ತದೆ. ಒಂದೇ ಸೈಜ್, ಒಂದೆರಡು ನಿಮಿಷದ ಅಂತರ ಅಂದರೆ ಹೆಚ್ಚುಕಮ್ಮಿ ಒಂದೇ ಫೈಲ್. ಅನುಮಾನ ಇದ್ದದ್ದನ್ನು ತೆರೆದೇ ನೋಡಿದೆ. ಬಂದ ಜಾಬ್‌ಗಳನ್ನು ಕಪ್ಸ್ ಬರೆದಿಡುವ ಜಾಗ ಸ್ಪೂಲ್ ಫೋಲ್ಡರ್. ಸ್ಪೂಲ್ ಫೋಲ್ಡರ್‌ನಲ್ಲಿ ಸಿ ಇಂದ ಶುರುವಾಗುವುದು ಜಾಬಿನ ವಿವರ, ಡಿ ಇಂದ ಶುರುವಾಗುವುದು ಫೈಲೇ. ಜಾಬ್ 412 ಆದರೆ ‘ಡಿ00412-001’. ಸುಡೊದಲ್ಲಿ ಬೇರೆ ಕಡೆ ಕಾಪಿ ಮಾಡಿ ಪಿಡಿಎಫ್ ಥರ ತೆರೆದರೆ ಆಯಿತು.

ಲೆಕ್ಕ ಹೀಗೆ ಬಂತು. ಒಂದೇ ಪಹಣಿ 6 ಸಲ. ಭಾವ ಕೊಟ್ಟ ಟೆಸ್ಟ್ ಪೇಜ್ 4. ಆಧಾರ್ 3, ಅದರಲ್ಲಿ ಎರಡು ಒಬ್ಬರದೇ. ಬೇರೆ ಬೇರೆ ಅರ್ಜಿಗಳು 4. ಅಂದರೆ ನಿಜವಾಗಿ ಬೇಕಾದದ್ದು 7. ಉಳಿದ 10ನ್ನು ‘ಕ್ಯಾನ್ಸಲ್’ ಹಾಕಿ ನಂಬರ್ ಕೊಟ್ಟು ತೆಗೆದೆ. ಎಲ್ಲವನ್ನೂ ಒಟ್ಟಿಗೆ ಗುಡಿಸುವ ‘ಕ್ಯಾನ್ಸಲ್ -ಎ’ ಇದೆ, ಅದನ್ನು ಇವತ್ತು ಮುಟ್ಟಲಿಲ್ಲ.

ಉಳಿದ ಏಳಕ್ಕೆ ‘ಎಲ್‌ಪಿ -ಐ 412 -ಎಚ್ ರೀಸ್ಟಾರ್ಟ್’. ಆ ಎಚ್ ದೊಡ್ಡಕ್ಷರ. ಮೊದಲಿನದು ಹೊರಗೆ ಬಂದಾಗ ಹೊರಗೆ ನಿಂತವರಲ್ಲಿ ಒಂದು ಸಣ್ಣ ಚಪ್ಪಾಳೆ! ಹನ್ನೊಂದೂವರೆ ಆಗಿತ್ತು.

ಆರು ಬಂದವು. ಏಳನೆಯದಕ್ಕೆ ಪ್ರಿಂಟರ್ ಕಿತ್ತಳೆ ಲೈಟ್ ಹಾಕಿ ನಿಂತುಬಿಟ್ಟಿತು. ಎಲ್‌ಪಿಸ್ಟಾಟ್ ಕೇಳಿದರೆ ‘ನೌ ಪ್ರಿಂಟಿಂಗ್’ ಅನ್ನುತ್ತಿದೆ. ಡಿಸ್ಕ್‌ನಲ್ಲಿ ಜಾಗ ಇದೆ. ಕಾಗದ ಇದೆ. ಮತ್ತೇನು?

ಈ ಜಾಬ್ ಒಂದೇ ಡೆಬಿಯನ್ ಮೆಷಿನ್‌ನಿಂದ ಕೊಟ್ಟದ್ದು. ಅದು ಕೇಳುತ್ತಿದ್ದುದು ಲೆಟರ್ ಸೈಜ್ ಕಾಗದ. ಅಮೆರಿಕದಲ್ಲಿ ನಡೆಯುವ ಸೈಜ್ ಅದು, ಎ4ಗಿಂತ ಚೂರು ಅಗಲ, ಚೂರು ಗಿಡ್ಡ. ಸಾಗರದಲ್ಲಿ ಎಲ್ಲಿಂದ ತರೋದು? ಟ್ರೇನಲ್ಲಿರುವುದು ಎ4, ಬೇಡಿಕೆ ಲೆಟರ್. ಪ್ರಿಂಟರ್ ಮರ್ಯಾದೆಯಿಂದ ಕಾಯುತ್ತಿದೆ. ಪ್ಯಾನೆಲ್‌ನಲ್ಲಿ ಗುಂಡಿ ಒತ್ತಿದರೆ ಎ4 ಮೇಲೇ ಹೊಡೆದು ಮುಂದೆ ಹೋಗುತ್ತದೆ. ಒತ್ತಿದೆ, ಬಂತು. ಆದರೆ ದಿನಾ ಒತ್ತುವುದು ಯಾರು?

ತಪ್ಪು ನನ್ನದೇ. ಡೆಬಿಯನ್ ಹಾಕುವಾಗ ಭಾಷೆ ಆರಿಸುವ ಕಡೆ ಅವಸರದಲ್ಲಿ ಅಮೆರಿಕನ್ ಇಂಗ್ಲಿಷ್ ಒತ್ತಿದ್ದೆ. ‘/ಇಟಿಸಿ/ಪೇಪರ್‌ಸೈಜ್’ ಫೈಲ್ ನೋಡಿದರೆ ಒಳಗೆ ಒಂದೇ ಪದ, ಲೆಟರ್. ಅದನ್ನು ಎ4 ಮಾಡಿದೆ. ‘ಎಲ್‌ಪಿಆಪ್ಷನ್ಸ್ -ಪಿ ಲೇಸರ್ -ಎಲ್’ ಹೊಡೆದರೆ ಪ್ರಿಂಟರ್‌ನ ಆಯ್ಕೆಗಳೆಲ್ಲ ಬರುತ್ತವೆ, ಈಗ ಯಾವುದು ನಡೆಯುತ್ತಿದೆಯೋ ಅದರ ಹಿಂದೆ, ಅಂದರೆ ಎಡಕ್ಕೆ, ಒಂದು ನಕ್ಷತ್ರ. ಪೇಜ್‌ಸೈಜ್ ಸಾಲಿನಲ್ಲಿ ನಕ್ಷತ್ರ ಲೆಟರ್ ಹಿಂದೆ ಕೂತಿತ್ತು. ‘ಸುಡೊ ಎಲ್‌ಪಿಅಡ್ಮಿನ್ -ಪಿ ಲೇಸರ್ -ಒ ಪೇಜ್‌ಸೈಜ್=ಎ4’ ಹಾಕಿದೆ. ಪೇಜ್‌ಸೈಜ್‌ನಲ್ಲಿ ಪಿ, ಎಸ್, ಮತ್ತೆ ಎ4ನ ಎ ದೊಡ್ಡಕ್ಷರ.

ಭಾವನ ಲಾಗಿನ್‌ನಿಂದ ನೋಡಿದರೆ ನಕ್ಷತ್ರ ಇನ್ನೂ ಲೆಟರ್ ಹಿಂದೆಯೇ! ಇದು ಹಳೆಯ ಬಲೆ. ಸುಡೊ ಇಲ್ಲದೆ ಎಲ್‌ಪಿಆಪ್ಷನ್ಸ್‌ನಲ್ಲಿ ಏನಾದರೂ ಬದಲಿಸಿದರೆ ಅದು ಆ ಬಳಕೆದಾರನ ಮನೆ ಫೋಲ್ಡರ್‌ನಲ್ಲಿ, ಚುಕ್ಕೆ ಕಪ್ಸ್ ಅನ್ನುವ ಅಡಗಿದ ಫೋಲ್ಡರ್‌ನೊಳಗೆ ಹೋಗಿ ಕೂರುತ್ತದೆ. ಮೇಲೆ ಯಾರು ಏನು ಬದಲಿಸಿದರೂ ಇವನಿಗೆ ಇವನ ಫೈಲೇ ವೇದವಾಕ್ಯ. ಯಾವಾಗಲೋ ನಾನೇ ಪ್ರಯೋಗ ಮಾಡಿ ಬಿಟ್ಟದ್ದು. ಅಳಿಸಿದೆ. ನಕ್ಷತ್ರ ಎ4 ಹಿಂದೆ ಬಂತು.

ಹೋಗುವ ಮೊದಲು ಡೀಬಗ್ ಲಾಗ್ ನಿಲ್ಲಿಸಿದೆ. ಇನ್ನೊಂದು ಕೆಲಸವೂ ಮಾಡಿದೆ. ಸ್ಪೂಲ್ ಫೋಲ್ಡರ್ ನೋಡುವಾಗ ಮನಸ್ಸಿಗೆ ಕಸಿವಿಸಿ ಆಗಿತ್ತು. ಪ್ರಿಂಟ್ ಮುಗಿದ ಮೇಲೂ ಕಪ್ಸ್ ಆ ಫೈಲನ್ನು ಒಂದು ದಿನ, ಅಂದರೆ 86400 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಮತ್ತೊಂದು ಪ್ರತಿ ಬೇಕಾದರೆ ಸಿಗಲಿ ಅಂತ. ಮನೆಯಲ್ಲಿ ಅನುಕೂಲವೇ. ಜೆರಾಕ್ಸ್ ಅಂಗಡಿಯಲ್ಲಿ? ಊರಿನವರ ಆಧಾರ್, ಪಾನ್, ಪಾಸ್‌ಬುಕ್ ಎಲ್ಲಾ ಅಲ್ಲಿ ಬಿದ್ದಿರುತ್ತವೆ. ‘ಸುಡೊ ಕಪ್ಸ್‌ಸಿಟಿಎಲ್ ಪ್ರಿಸರ್ವ್‌ಜಾಬ್‌ಫೈಲ್ಸ್=ನೋ’ ಹಾಕಿದೆ. ಪಿ, ಜೆ, ಎಫ್, ಎನ್ ದೊಡ್ಡಕ್ಷರ. ಮಾರನೇ ದಿನ ಫೋಲ್ಡರ್ ನೋಡಿಸಿದೆ, ಡಿ ಫೈಲ್ ಒಂದೂ ಇಲ್ಲ. ಮುಗಿದ ಜಾಬನ್ನು ಮತ್ತೆ ಎಬ್ಬಿಸಲಿಕ್ಕೆ ಇನ್ನು ಆಗುವುದಿಲ್ಲ. ಆಗದಿದ್ದರೆ ಬೇಡ. ಡೌನ್‌ಲೋಡ್ಸ್‌ನಲ್ಲಿ ಎರಡು ದಿನಕ್ಕಿಂತ ಹಳೆಯದನ್ನು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಅಳಿಸುವ ಒಂದು ಸಾಲನ್ನು, ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಹಾಕಿದೆ. ಹುಡುಗಿಗೆ ಮಾತ್ರ ಮೂರು ಸಲ ಹೇಳಿದೆ, ಇಟ್ಟುಕೊಳ್ಳಬೇಕಾದ್ದನ್ನು ಬೇರೆ ಫೋಲ್ಡರ್‌ನಲ್ಲಿ ಇಡು ಅಂತ.

ಗುರುವಾರ ಮತ್ತೆ ಫೋನ್. "ಮತ್ತೆ ನಿಂತಿದೆ ಮಾರಾಯ. ಡಿಸ್ಕ್ ತುಂಬಿಲ್ಲ, ನಾನೇ ನೋಡ್ದೆ."

ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂದು ಮಾಡಿತ್ತು. ಈ ಸಲ ಮನೆಯಿಂದಲೇ ಲಾಗಿನ್ ಆದೆ. ಎಲ್‌ಪಿಸ್ಟಾಟ್ ‘ನೌ ಪ್ರಿಂಟಿಂಗ್’ ಅನ್ನುತ್ತಿದೆ, ಲೈಟ್ ಹಸಿರು ಅಂತ ಭಾವ ಹೇಳುತ್ತಿದ್ದಾರೆ. ಪ್ರಿಂಟರ್‌ನ ವಿಳಾಸ 192.168.1.50. ಪಿಂಗ್ ಮಾಡಿದೆ, ಅಂದರೆ ಆ ವಿಳಾಸದಲ್ಲಿ ಯಾರಾದರೂ ಇದ್ದೀರಾ ಅಂತ ಕೇಳಿದೆ. ಉತ್ತರ ಬಂತು. ಸರಿ ಇದೆ ಅಂತ ಮುಂದೆ ಹೋಗಿ ಹತ್ತು ನಿಮಿಷ ಕಳೆದೆ. ಆಮೇಲೆ ಎನ್‌ಸಿಯಲ್ಲಿ 9100 ತಟ್ಟಿದರೆ ‘ಕನೆಕ್ಷನ್ ರೆಫ್ಯೂಸ್ಡ್’. ಪಿಂಗ್‌ಗೆ ಉತ್ತರ ಕೊಡುತ್ತಾನೆ, ಬಾಗಿಲು ತೆಗೆಯುವುದಿಲ್ಲ! ಯಾರಿವನು? ಭಾವನ ಮೊಬೈಲ್. ಕರೆಂಟ್ ಬಂದ ಮೇಲೆ ರೂಟರ್ ವಿಳಾಸಗಳನ್ನು ಹೊಸದಾಗಿ ಹಂಚಿದೆ. 50 ಮೊಬೈಲಿಗೆ ಹೋಗಿದೆ, ಪ್ರಿಂಟರ್‌ಗೆ 57 ಸಿಕ್ಕಿದೆ.

ಕಪ್ಸ್ ಯಾಕೆ ಬಾಯಿ ಬಿಡಲಿಲ್ಲ ಅಂದರೆ, 9100ಕ್ಕೆ ಜಾಬ್ ತಲುಪಿಸುವ ಸಾಕೆಟ್ ಬ್ಯಾಕೆಂಡ್‌ಗೆ ತಾಳ್ಮೆ ಜಾಸ್ತಿ. ಪ್ರಿಂಟರ್ ಸಿಗದಿದ್ದರೆ ಮತ್ತೆ ಮತ್ತೆ ಬಾಗಿಲು ತಟ್ಟುತ್ತಾ ಕೂರುತ್ತದೆ. ಎಷ್ಟು ಹೊತ್ತು? ನಾವು ಬೇರೆ ಹೇಳದಿದ್ದರೆ ಒಂದು ವಾರ, 604800 ಸೆಕೆಂಡ್! ಅಷ್ಟರೊಳಗೆ ಕಪ್ಸ್‌ನ ಇನ್ನೊಂದು ನಿಯಮ ಅಡ್ಡ ಬರುತ್ತದೆ. ಒಂದು ಜಾಬ್ ಮೂರು ಗಂಟೆಗಿಂತ ಜಾಸ್ತಿ ಎಳೆದರೆ ಅದು ಸಿಕ್ಕಿಕೊಂಡಿದೆ ಅಂತ ತಿಳಿದು ರದ್ದು ಮಾಡುತ್ತದೆ. ಅದಕ್ಕೇ ಬೆಳಿಗ್ಗೆ ಕೊಟ್ಟ ಮೊದಲ ಜಾಬ್ ಮಧ್ಯಾಹ್ನದ ಹೊತ್ತಿಗೆ ಹೇಳದೆ ಕೇಳದೆ ಮಾಯವಾಗಿತ್ತು. ಭಾವ ಅದನ್ನು ಅಂಗಡಿ ಹುಡುಗಿ ಅಳಿಸಿದಳು ಅಂತ ತಿಳಿದು ಅವಳಿಗೆ ಬೈದಿದ್ದರು. ಆಮೇಲೆ ಸಾರಿ ಕೇಳಿದರಂತೆ.

ರೂಟರ್‌ನ ಪುಟ ತೆರೆದು ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ (ಆಪಲ್ ಮ್ಯಾಕ್ ಅಲ್ಲ, ನೆಟ್‌ವರ್ಕ್‌ನಲ್ಲಿ ಆ ಯಂತ್ರದ ಗುರುತಿನ ನಂಬರ್) 50ನ್ನು ಕಾಯಂ ಮಾಡಿದೆ. ಮೊಬೈಲ್‌ನ ವೈಫೈ ಆಫ್ ಮಾಡಿಸಿ, ಪ್ರಿಂಟರ್ ಒಮ್ಮೆ ಆಫ್-ಆನ್ ಮಾಡಿಸಿದೆ. ಅರ್ಧ ನಿಮಿಷಕ್ಕೆ ಫೋನಿನ ಆಚೆ ಕಡೆಯಿಂದ ಟರ್ರ್ ಸದ್ದು ಕೇಳಿತು.

ಇವತ್ತು ಡಿಎಫ್ ನೋಡಿದೆ. ಬಳಸಿದ್ದು 54 ಜಿಬಿ. ಕ್ಯೂ ಖಾಲಿ. ಸೋಮವಾರದ ಏಳರಲ್ಲಿ ಒಂದು ಪಹಣಿಯ ಯಜಮಾನರು ಇನ್ನೂ ಬಂದಿಲ್ಲವಂತೆ, ಸ್ಟೇಪ್ಲರ್ ಕೆಳಗೆ ಇಟ್ಟಿದ್ದಾರೆ. ರೂಟರ್‌ಗೂ ಪ್ರಿಂಟರ್‌ಗೂ ಯುಪಿಎಸ್ ಹಾಕಿಸಬೇಕು ಅಂತ ಭಾವನಿಗೆ ಹೇಳಿದ್ದೇನೆ. ಪ್ರಿಂಟರ್‌ಗೆ ಬೇಡ, ಲೇಸರ್‌ನ ಹೀಟರ್ ಕರೆಂಟ್ ಜಾಸ್ತಿ ಎಳೆಯುತ್ತದೆ, ಸಣ್ಣ ಯುಪಿಎಸ್ ಸುಸ್ತಾಗುತ್ತದೆ ಅಂತ ಆಮೇಲೆ ನೆನಪಾಗಿ ಮತ್ತೆ ಫೋನ್ ಮಾಡಿ ತಿದ್ದಿದೆ. ರೂಟರ್‌ಗೆ ಸಾಕು.